ಕಲಿಯುವವನ ಕಾಯಕ

ಕಾಯಕವೆಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ನೇಯುವವನ ಕಾಯಕ ನೇಯ್ಗೆ, ಉಳುವವನ ಕಾಯಕ ಒಕ್ಕಲುತನ, ಕಲಿಸುವವನ ಕಾಯಕ ಬೋಧನೆ ಎಂದು ಹೇಳುವುದರಲ್ಲಿ ತೊಡಕೇನೂ ಇಲ್ಲ. ಆದರೆ ಇನ್ನೂ ಕೆಲಸವನ್ನು ಅರಿಯದೆ, ಅರಿಯುವುದಕ್ಕಾಗಿಯೇ ಕೆಲಸದ ಮನೆಯೊಳಗೆ ಕಾಲಿಟ್ಟಿರುವವನ ಕಾಯಕ ಯಾವುದು? ಅವನು ಅಲ್ಲಿ ದುಡಿಯುವವನೋ, ಓದುವವನೋ? ಅವನು ಆ ಸ್ಥಳಕ್ಕೆ ಕೊಡುವುದೇನು, ಅಲ್ಲಿಂದ ನ್ಯಾಯವಾಗಿ ಪಡೆಯಬಹುದಾದುದೇನು? ಈ ಪ್ರಶ್ನೆ ನನಗೆ ತಾನಾಗಿ ಹುಟ್ಟಿದುದಲ್ಲ. ಕಳೆದ ದಸರೆಯ ರಜೆಯಲ್ಲಿ ನನ್ನನ್ನು ಕಾಣಲು ಬಂದ ಇಬ್ಬರು ತರುಣರು ಇದನ್ನು ನನ್ನ ಮುಂದೆ ಇಟ್ಟು ಹೋದರು. ಅಂದಿನಿಂದ ಇದು ನನ್ನನ್ನು ಬಿಟ್ಟಿಲ್ಲ.

ಇಬ್ಬರೂ ನಮ್ಮ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ಹೋದವರು. ಈಗ ಬೇರೆಬೇರೆ ಊರುಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೂರು ವರ್ಷ ಮುಗಿಸಿದವರು. ಈಚಿನ ವರ್ಷಗಳಲ್ಲಿ ಈ ಕಾಲೇಜುಗಳ ಪಠ್ಯಕ್ರಮದೊಳಗೆ ಒಂದು ನಿಯಮ ಸೇರಿದೆ. ವಿದ್ಯಾರ್ಥಿಯು ಕೆಲವು ವಾರಗಳ ಕಾಲ ಕಾರ್ಖಾನೆಯಲ್ಲಾಗಲಿ ಕಚೇರಿಯಲ್ಲಾಗಲಿ ಇದ್ದು, ಅಲ್ಲಿ ಮಾಡಿದುದನ್ನು ವರದಿಯಾಗಿ ಬರೆದು, ಅಲ್ಲಿಯವರ ಪ್ರಮಾಣಪತ್ರದೊಡನೆ ಕಾಲೇಜಿಗೆ ಒಪ್ಪಿಸಬೇಕು. ಇಂಟರ್ನ್‌ಶಿಪ್ ಎಂದು ಇದರ ಹೆಸರು. ಮೊದಲನೆಯ ತರುಣನು ಮಳೆಗಾಲದ ಆರು ವಾರಗಳನ್ನು ಬೆಳಗಾವಿಯ ಉದ್ಯಮಬಾಗದ ಒಂದು ಎರಕದ ಕಾರ್ಖಾನೆಯಲ್ಲಿ ಕಳೆದಿದ್ದನು. ಎರಡನೆಯವನು ವಿದ್ಯುತ್ ಶಾಖೆಯವನು. ಅವನು ಎಲ್ಲಿಗೂ ಹೋಗಿರಲಿಲ್ಲ. ಯಾವುದೋ ಒಂದು ಸಂಸ್ಥೆ ಹಣ ಕಟ್ಟಿಸಿಕೊಂಡು, ಆರು ವಾರ ಕೆಲಸ ಕಲಿತನೆಂಬ ಪ್ರಮಾಣಪತ್ರವನ್ನೂ ಅದಕ್ಕೆ ಹೊಂದುವ ಸಿದ್ಧ ವರದಿಯನ್ನೂ ಅವನ ಕೈಗೆ ಕೊಟ್ಟಿತ್ತು. ಕಾಗದವು ಅವನ ಚೀಲದಲ್ಲಿಯೇ ಇದ್ದಿತು. ಮಾತಿನ ಮಧ್ಯೆ, ಮುಚ್ಚಿಡುವ ಭಾವವಿಲ್ಲದೆ, ಅದನ್ನು ತೆಗೆದು ತೋರಿಸಿದನು.

ನನ್ನ ಮುಖವು ಬದಲಾದುದನ್ನು ಕಂಡು ಅವನು ಹೇಳಿದ ಮಾತು ಹೀಗಿದೆ: “ಗುರುಗಳೇ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದರಿಂದ ಯಾರಿಗೆ ಅನ್ಯಾಯ ಆತು ಹೇಳ್ರಿ? ಅವರಿಗೆ ರೊಕ್ಕ ಬಂತು, ಕಾಲೇಜಿಗೆ ಕಾಗದ ಬಂತು, ನನಗ ಅಂಕ ಬಂತು. ಎಲ್ಲಾರೂ ಹಿಂಗ ಮಾಡ್ತಾರ್ರಿ.”

ಎಲ್ಲರೂ ಮಾಡುತ್ತಾರೆಂಬುದು ಹಳೆಯ ಸಮಾಧಾನ. ಅದಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ಆದರೆ ಯಾರಿಗೆ ಅನ್ಯಾಯವಾಯಿತು ಎಂಬ ಪ್ರಶ್ನೆಗೆ ನಾನು ಕೂಡಲೆ ಉತ್ತರಿಸಲಾರದೆ ಹೋದೆನು. ಕಳವಾದ ವಸ್ತುವಿಲ್ಲ, ದೂರುವ ಮನುಷ್ಯನಿಲ್ಲ. ಸಂಬಂಧಪಟ್ಟ ಮೂವರೂ ತೃಪ್ತರು. ಹೀಗಿರುವಾಗ ಸುಳ್ಳು ಸುಳ್ಳೆಂಬ ಕಾರಣಕ್ಕಾಗಿಯೇ ತಪ್ಪು ಎಂದುಬಿಡಬಹುದು. ಆದರೆ ಇಪ್ಪತ್ತೊಂದು ವರ್ಷದ ಬುದ್ಧಿವಂತ ಹುಡುಗನಿಗೆ ಅಷ್ಟು ಸಾಲದು, ನನಗೂ ಸಾಲಲಿಲ್ಲ. ಆ ಆರು ವಾರಗಳಲ್ಲಿ ಅವನು ಕಳೆದುಕೊಂಡುದೇನೆಂದು ತಿಳಿಯಬೇಕಾದರೆ, ಇಂತಹ ವ್ಯವಸ್ಥೆಯನ್ನು ಮೊದಲು ಯೋಚಿಸಿದವರು ಅದರಿಂದ ಏನನ್ನು ಬಯಸಿದರು ಎಂಬುದನ್ನು ನೋಡಬೇಕು.

ಅಮೆರಿಕೆಯ ಪೆನ್ಸಿಲ್ವೇನಿಯಾ ಪ್ರಾಂತದ ಬೆತ್ಲೆಹೆಮ್ ಎಂಬ ಊರಿನಲ್ಲಿ ಲೀಹೈ ವಿಶ್ವವಿದ್ಯಾಲಯವಿದೆ. ಅಲ್ಲಿ ಹರ್ಮನ್ ಶ್ನೈಡರ್ ಎಂಬ ಇಂಜಿನಿಯರಿಂಗ್ ಅಧ್ಯಾಪಕರಿದ್ದರು. ಕಾಲೇಜಿನ ಸಮೀಪದಲ್ಲಿಯೇ ದೊಡ್ಡ ಉಕ್ಕಿನ ಕಾರ್ಖಾನೆ. ಒಂದು ಕಡೆ ಉಕ್ಕಿನ ವಿಷಯವಾಗಿ ಉಪನ್ಯಾಸ, ಕೂಗಳತೆಯಲ್ಲಿ ಉಕ್ಕೇ ಕುದಿಯುವ ಕುಲುಮೆ. ಇವೆರಡಕ್ಕೂ ಮಧ್ಯೆ ದಾರಿಯಿಲ್ಲ. ತಮ್ಮ ಕಾಲೇಜಿನಿಂದ ಹೊರಬಿದ್ದು ಬೇಗನೆ ಸಮರ್ಥರೆನಿಸಿಕೊಂಡವರ ಪೂರ್ವವೃತ್ತಾಂತವನ್ನು ಅವರು ವಿಚಾರಿಸಿದರು. ಅವರಲ್ಲಿ ಬಹುಮಂದಿ ಓದುತ್ತಿರುವಾಗಲೇ ಬಿಡುವಿನಲ್ಲಿ ದುಡಿದವರು, ಅಥವಾ ಓದಿಗೆ ಮೊದಲು ದುಡಿದವರು ಎಂಬುದು ಅವರಿಗೆ ಕಂಡುಬಂದಿತು. ಬಡತನದಿಂದ ದುಡಿದ ಹುಡುಗನಿಗೆ ಆ ಬಡತನವೇ ಏನನ್ನೋ ಕಲಿಸಿತ್ತು. ಕಾರ್ಖಾನೆಯ ಯಂತ್ರಗಳನ್ನೆಲ್ಲ ಕಾಲೇಜು ಕೊಂಡು ತಂದು ನಿಲ್ಲಿಸಲಾರದು; ತಂದರೂ ಅವು ಬೇಗನೆ ಹಳತಾಗುತ್ತವೆ. ಆದುದರಿಂದ ವಿದ್ಯಾರ್ಥಿಯೇ ಕಾರ್ಖಾನೆಗೆ ಹೋಗಲಿ ಎಂದು ಅವರು ನಿಶ್ಚಯಿಸಿದರು.

1903ರಲ್ಲಿ ಶ್ನೈಡರ್ ಓಹಾಯೊ ಪ್ರಾಂತದ ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿಯ ಆಡಳಿತ ಮಂಡಲಿಯ ಒಪ್ಪಿಗೆ ಪಡೆದು 1906ರಲ್ಲಿ ಇಪ್ಪತ್ತೇಳು ವಿದ್ಯಾರ್ಥಿಗಳೊಡನೆ ಕೆಲಸವನ್ನು ಆರಂಭಿಸಿದರು. ಒಂದು ವಾರ ತರಗತಿ, ಮತ್ತೊಂದು ವಾರ ಕಾರ್ಖಾನೆ. ಇಬ್ಬಿಬ್ಬರನ್ನು ಜೋಡಿ ಮಾಡಿ, ಒಬ್ಬನು ಓದುವಾಗ ಇನ್ನೊಬ್ಬನು ಅದೇ ಜಾಗದಲ್ಲಿ ದುಡಿಯುವಂತೆ ಏರ್ಪಡಿಸಿದರು. ಕಾರ್ಖಾನೆಯ ಕೆಲಸವೂ ನಿಲ್ಲಲಿಲ್ಲ, ಹುಡುಗನ ಓದೂ ನಿಲ್ಲಲಿಲ್ಲ. ದುಡಿದ ವಾರಕ್ಕೆ ಕೂಲಿಯೂ ಸಿಗುತ್ತಿತ್ತು. ಸಹಕಾರಿ ಶಿಕ್ಷಣ, ಅಥವಾ ಅಲ್ಲಿಯವರ ಬಾಯಲ್ಲಿ ಕೋ-ಆಪ್, ಎಂಬ ಹೆಸರು ಹೀಗೆ ಬಂದಿತು. ನಮ್ಮ ಕೋ-ಆಪರೇಟಿವ್ ಸೊಸೈಟಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಸಹಕರಿಸುವವರು ಶಾಲೆ ಮತ್ತು ಕೆಲಸದ ಮನೆ. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ 1909ರಲ್ಲಿ ಇದೇ ದಾರಿ ಹಿಡಿಯಿತು. ಓಹಾಯೊದ ಆ್ಯಂಟಿಯೋಕ್ ಕಾಲೇಜು 1921ರಲ್ಲಿ ಇಂಜಿನಿಯರಿಂಗಿನ ಹೊರಗಿನ ವಿದ್ಯಾರ್ಥಿಗಳಿಗೂ ಇದನ್ನು ಅನ್ವಯಿಸಿತು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯವಂತೂ 1957ರಲ್ಲಿ ಈ ಪದ್ಧತಿಯೊಡನೆಯೇ ಹುಟ್ಟಿತು. ಅಲ್ಲಿ ಇಂಜಿನಿಯರಿಂಗ್ ಓದುವವನು ನಾಲ್ಕು ತಿಂಗಳು ಪಾಠ, ನಾಲ್ಕು ತಿಂಗಳು ಸಂಬಳದ ಕೆಲಸ, ಹೀಗೆ ಐದಾರು ಸರದಿ ದುಡಿದು, ನಾಲ್ಕು ವರ್ಷಕ್ಕೆ ಬದಲು ಹೆಚ್ಚುಕಡಿಮೆ ಐದು ವರ್ಷಕ್ಕೆ ಪದವಿ ಪಡೆಯುತ್ತಾನೆ. ನಮ್ಮ ದೇಶದಲ್ಲಿ ಪಿಲಾನಿಯ ಬಿಟ್ಸ್ 1973ರಿಂದ ಪ್ರಾಕ್ಟೀಸ್ ಸ್ಕೂಲ್ ಎಂಬ ಹೆಸರಿನಲ್ಲಿ ಇದಕ್ಕೆ ಸಮೀಪವಾದ ಏರ್ಪಾಟನ್ನು ನಡೆಸಿಕೊಂಡು ಬಂದಿದೆ.

ಇದರಲ್ಲಿ ಗಮನಿಸಬೇಕಾದುದು ಹೋಗುವುದಷ್ಟೇ ಅಲ್ಲ, ಮರಳಿ ಬರುವುದು. ಹೋದವನು ಅಲ್ಲಿಯೇ ನಿಂತರೆ ಅದು ನೌಕರಿ. ಹೋಗಿ, ತನ್ನ ಅಜ್ಞಾನದ ಅಳತೆಯನ್ನು ತಿಳಿದು, ಪ್ರಶ್ನೆಗಳನ್ನು ಹೊತ್ತು ತರಗತಿಗೆ ಮರಳುವುದೇ ಈ ಪದ್ಧತಿಯ ಜೀವ. ನಮ್ಮ ಆರು ವಾರದ ಇಂಟರ್ನ್‌ಶಿಪ್ಪು ಅದರ ಒಂದು ತುಣುಕು ಮಾತ್ರ. ತುಣುಕಾದರೂ ಅದೇ ಬೀಜದ್ದು.

ಈ ಹೋಗಿ ಬರುವ ವಿದ್ಯೆ ನಮಗೆ ಹೊಸದೆಂದು ಯಾರೂ ಭಾವಿಸಬಾರದು. ಛಾಂದೋಗ್ಯ ಉಪನಿಷತ್ತಿನಲ್ಲಿ ಸತ್ಯಕಾಮನ ಕಥೆಯಿದೆ. ಅವನು ಗೌತಮ ಋಷಿಯ ಬಳಿಗೆ ಬಂದಾಗ ಗುರುಗಳು ಕೇಳಿದ ಮೊದಲ ಪ್ರಶ್ನೆ, ನಿನ್ನ ಗೋತ್ರ ಯಾವುದು ಎಂದು. ಅವನು ತನಗೆ ತಿಳಿಯದೆಂದೂ, ತನ್ನ ತಾಯಿಗೂ ತಿಳಿಯದೆಂದೂ ಇದ್ದುದನ್ನು ಇದ್ದಂತೆ ಹೇಳಿದನು. ಆ ಸತ್ಯವೊಂದೇ ಅವನ ಪ್ರವೇಶಕ್ಕೆ ಸಾಕಾಯಿತು. ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಅಷ್ಟಾಗಿ ಯಾರೂ ವಿಚಾರಿಸುವುದಿಲ್ಲ. ಗುರುಗಳು ಅವನನ್ನು ಕೂರಿಸಿ ಪಾಠ ಹೇಳಲಿಲ್ಲ. ಬಡಕಲಾದ ನಾನೂರು ಹಸುಗಳನ್ನು ಆರಿಸಿ, ಇವನ್ನು ಮೇಯಿಸು ಎಂದರು. ಅವು ಸಾವಿರವಾಗುವವರೆಗೆ ಹಿಂದಿರುಗುವುದಿಲ್ಲವೆಂದು ಅವನು ಹೊರಟನು. ವರ್ಷಗಳು ಕಳೆದವು. ಹಿಂದಿರುಗುವ ದಾರಿಯಲ್ಲಿ ಒಂದು ಎತ್ತು, ಅಗ್ನಿ, ಒಂದು ಹಂಸ, ಒಂದು ನೀರುಹಕ್ಕಿ ಇವು ಒಂದೊಂದು ಪಾದದಷ್ಟು ಬ್ರಹ್ಮವಿದ್ಯೆಯನ್ನು ಅವನಿಗೆ ತಿಳಿಸಿದವು. ಗುರುಗಳು ಅವನ ಮುಖದ ಕಳೆಯನ್ನು ನೋಡಿ, ನಿನಗೆ ಯಾರು ಉಪದೇಶಿಸಿದರು ಎಂದು ಕೇಳಿದರು. ಆಗಲೂ ಅವನು, ತಾವೇ ನನಗೆ ಹೇಳಿಕೊಡಬೇಕು ಎಂದನು.

ದನಕಾಯುವ ಕೆಲಸಕ್ಕೂ ಬ್ರಹ್ಮವಿದ್ಯೆಗೂ ಏನು ಸಂಬಂಧ ಎಂದು ಸತ್ಯಕಾಮನು ಕೇಳಲಿಲ್ಲ. ನಮ್ಮ ಮೊದಲನೆಯ ತರುಣನು ಮಾತ್ರ ಕೇಳಿದನಂತೆ. ಬಾಯಿ ಬಿಟ್ಟಲ್ಲ, ಮನಸ್ಸಿನೊಳಗೆ. ಎರಕದ ಕಾರ್ಖಾನೆಗೆ ಹೋದ ಮೊದಲ ದಿನವೇ ಅವನ ಕೈಗೆ ಒಂದು ರಜಿಸ್ಟರನ್ನು ಕೊಟ್ಟು, ಪ್ರತಿದಿನ ಬೆಳಿಗ್ಗೆ ಕೆಟ್ಟುಹೋದ ಎರಕಗಳನ್ನು ಎಣಿಸಿ, ಯಾವ ಭಾಗ, ಯಾವ ದೋಷ ಎಂದು ಬರೆಯಬೇಕೆಂದು ಸೂಪರ್‌ವೈಜರರು ಹೇಳಿದರು. ಇಂಜಿನಿಯರಿಂಗ್ ಓದುವವನಿಗೆ ಗುಮಾಸ್ತಿಕೆಯೇ ಎಂದು ಅವನಿಗೆ ಕಣ್ಣಲ್ಲಿ ನೀರು ಬಂದಿತ್ತಂತೆ. ಎಂಟು ದಿನ ಮುಖ ಗಂಟಿಕ್ಕಿಕೊಂಡೇ ಬರೆದನು. ಒಂಬತ್ತನೆಯ ದಿನ ಬರೆದುದನ್ನು ಸುಮ್ಮನೆ ತಿರುವಿ ನೋಡುತ್ತಿರುವಾಗ ಒಂದು ಸಂಗತಿ ಕಣ್ಣಿಗೆ ಬಿದ್ದಿತು. ಕೆಲವು ದಿನಗಳಲ್ಲಿ ಮಾತ್ರ ಎರಕದ ಮೈಯಲ್ಲಿ ತೂತು ಬಿದ್ದ ಭಾಗಗಳು ಹೆಚ್ಚಾಗಿದ್ದವು. ಬೆಳಗಾವಿಯ ಮಳೆ ಎಂತಹುದೆಂದು ಬಲ್ಲವರು ಬಲ್ಲರು. ಹಿಂದಿನ ರಾತ್ರಿ ಗಾಳಿಯೊಡನೆ ಮಳೆ ಹೊಡೆದಿದ್ದರೆ ಮರುದಿನದ ಎರಕದಲ್ಲಿ ತೂತು ಹೆಚ್ಚು ಎಂದು ಅವನಿಗೆ ಅನಿಸಿತು.

ಕಾರಣವು ಅವನ ಪುಸ್ತಕದಲ್ಲಿಯೇ ಇದ್ದಿತು. ಎರಕ ಹೊಯ್ಯುವ ಅಚ್ಚನ್ನು ಮರಳು, ಜೇಡಿ, ಸ್ವಲ್ಪ ನೀರು ಕೂಡಿಸಿ ಕಟ್ಟುತ್ತಾರೆ. ನೀರು ನೂರಕ್ಕೆ ಮೂರರಿಂದ ಐದು ಪಾಲು ಇದ್ದರೆ ಸಾಕು. ಹೆಚ್ಚಾದರೆ 1300 ಡಿಗ್ರಿಗೂ ಮೇಲೆ ಕಾದ ಕಬ್ಬಿಣದ ರಸ ತಗಲಿದೊಡನೆ ಆ ನೀರು ಆವಿಯಾಗಿ, ಹೊರಹೋಗಲು ಎಡೆಯಿಲ್ಲದೆ ಲೋಹದೊಳಗೆ ಸಿಕ್ಕಿಬಿದ್ದು ತೂತಾಗುತ್ತದೆ. ಇದನ್ನೆಲ್ಲ ಅವನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದನು. ಆದರೆ ಪುಸ್ತಕದ ಆ ಮರಳು ಈ ಮರಳೇ ಎಂಬುದು ಅವನಿಗೆ ಹೊಳೆದಿರಲಿಲ್ಲ. ಅಚ್ಚು ಕಟ್ಟುವ ಒಬ್ಬ ವೃದ್ಧರ ಬಳಿಗೆ ಹೋಗಿ ಕೇಳಿದನು. ಅವರು ಮಾತನಾಡದೆ ಒಂದು ಹಿಡಿ ಮರಳನ್ನು ಮುಷ್ಟಿಯಲ್ಲಿ ಒತ್ತಿ, ಬಿಚ್ಚಿ, ಆ ಉಂಡೆಯನ್ನು ಎರಡಾಗಿ ಮುರಿದು ತೋರಿಸಿದರು. ಇನ್ನೊಂದು ರಾಶಿಯಿಂದ ಮತ್ತೊಂದು ಹಿಡಿ. “ಫರಕ್ ಗೊತ್ತಾತೇನು ತಮ್ಮಾ?” ಎಂದು ಕೇಳಿದರು. ಅವನು “ಇಲ್ರಿ ಕಾಕಾ, ನನಗ ಗೊತ್ತಾಗಲಿಲ್ಲ” ಎಂದನು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಆ ಹಿರಿಯರು ಅವನ ಕೈಗೆ ಮರಳನ್ನು ಕೊಡುತ್ತ ಬಂದರು. ನಾಲ್ಕನೆಯ ವಾರದ ಹೊತ್ತಿಗೆ ಅವನ ಅಂಗೈಗೆ ವ್ಯತ್ಯಾಸ ತಿಳಿಯತೊಡಗಿತು. ಮಳೆಯ ಇರಚಲು ಬೀಳುವ ಕಡೆಯಲ್ಲಿದ್ದ ಮರಳಿನ ರಾಶಿಯನ್ನು ಕೊನೆಗೆ ಒಳಕ್ಕೆ ಸರಿಸಿದರಂತೆ. ಅದರಿಂದ ಎಷ್ಟು ಪ್ರಯೋಜನವಾಯಿತೆಂದು ಅವನಿಗೆ ತಿಳಿಯದು. ಅಷ್ಟರಲ್ಲಿ ಅವನ ಅವಧಿ ಮುಗಿದಿತ್ತು.

ಈ ವೃತ್ತಾಂತವನ್ನು ಕೇಳುತ್ತ ನನ್ನ ಮನಸ್ಸು ಒಂದು ಮಾತಿನಲ್ಲಿ ನಿಂತಿತು: ನನಗೆ ಗೊತ್ತಾಗಲಿಲ್ಲ. ಇಡೀ ಆರು ವಾರಗಳ ವಿದ್ಯೆ ಆ ಮಾತಿನ ಬಾಗಿಲಿನಿಂದಲೇ ಒಳಗೆ ಬಂದಿತು. ಹುಡುಗನು ಸಂಕೋಚದಿಂದ “ಗೊತ್ತಾತು” ಎಂದು ತಲೆಯಾಡಿಸಿದ್ದರೆ ಆ ವೃದ್ಧರು ಮರಳನ್ನು ಕೆಳಗೆ ಹಾಕಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ತಿಳಿಯದು ಎನ್ನುವುದು ಸುಲಭವೆಂದು ತೋರಬಹುದು. ಯೋಚಿಸಿ ನೋಡಿದರೆ ಮನುಷ್ಯನ ಆಯುಷ್ಯದಲ್ಲಿ ಅದಕ್ಕೆ ಅವಕಾಶವಿರುವ ಕಾಲ ಬಹು ಚಿಕ್ಕದು. ತರಗತಿಯಲ್ಲಿ ತಿಳಿಯದೆಂದವನಿಗೆ ಅಂಕವಿಲ್ಲ. ನೌಕರಿಗೆ ಸೇರಿದ ಮೇಲೆ ತಿಳಿಯದೆಂದರೆ ಸಂಬಳವೇಕೆಂದು ಕೇಳುತ್ತಾರೆ. ಹಿರಿಯ ಅಧಿಕಾರಿಯಾದ ಮೇಲಂತೂ ತಿಳಿಯದೆಂದು ಹೇಳುವ ಧೈರ್ಯವೇ ಉಡುಗಿಹೋಗುತ್ತದೆ. ಇವೆರಡರ ನಡುವೆ, ವಿದ್ಯಾರ್ಥಿಯಾಗಿ ಕೆಲಸದ ಮನೆಯಲ್ಲಿ ನಿಂತಿರುವ ಕೆಲವು ವಾರಗಳಲ್ಲಿ ಮಾತ್ರ, ತಿಳಿಯದು ಎಂಬುದು ನಾಚಿಕೆಯ ಮಾತಲ್ಲ, ಅವನ ಅಧಿಕಾರ. ಅವನನ್ನು ಅಲ್ಲಿ ಸೇರಿಸಿಕೊಂಡಿರುವುದೇ ಅವನಿಗೆ ತಿಳಿಯದೆಂಬ ಒಪ್ಪಂದದ ಮೇಲೆ. ಜಿಜ್ಞಾಸು ಎಂಬ ಪದದ ಅರ್ಥವೂ ತಿಳಿಯಲು ಬಯಸುವವನು ಎಂದಲ್ಲವೆ? ತಿಳಿದವನಿಗೆ ಜಿಜ್ಞಾಸೆಯಿಲ್ಲ. ಈ ಅವಧಿಯ ಪೂರ್ಣ ಲಾಭ ಪಡೆಯುವುದು ಹೇಗೆ ಎಂದು ಯಾವ ವಿದ್ಯಾರ್ಥಿ ಕೇಳಿದರೂ ನನ್ನಲ್ಲಿರುವ ಉತ್ತರ ಇದೇ: ಆ ಅಧಿಕಾರವನ್ನು ಕೊನೆಯ ಕಾಸಿನವರೆಗೂ ಖರ್ಚು ಮಾಡತಕ್ಕದ್ದು. ಉಳಿಸಿಕೊಂಡರೆ ಮುಂದೆ ಅದು ನಡೆಯುವ ನಾಣ್ಯವಲ್ಲ.

ಇದರಿಂದಲೇ ಉಳಿದ ನಡತೆಯೂ ಹುಟ್ಟುತ್ತದೆ. ಅಧಿಕಾರಿಯನ್ನು ಕೇಳುವುದಕ್ಕಿಂತ ಹೆಚ್ಚಾಗಿ ಕೈಯಿಂದ ಕೆಲಸ ಮಾಡುವವರನ್ನು ಕೇಳಬೇಕು. ಕೇಳುವಾಗ ಅವರ ಕೆಲಸಕ್ಕೆ ಅಡ್ಡಿಯಾಗದ ಹೊತ್ತನ್ನು ಕಾಯಬೇಕು. ಕಲಿಸದ ಯಂತ್ರವನ್ನು ಮುಟ್ಟಬಾರದು. ಬೆರಳು ಹೋದ ಮೇಲೆ ತಿಳಿಯದಿತ್ತು ಎಂದರೆ ಬೆರಳು ಬರುವುದಿಲ್ಲ. ಆ ದಿನ ಕಂಡುದನ್ನು ಆ ದಿನವೇ ಬರೆದಿಡಬೇಕು, ತಿಳಿಯದೆ ಉಳಿದುದನ್ನು ಬೇರೆ ಪುಟದಲ್ಲಿ ಬರೆಯಬೇಕು. ಕಾಲೇಜಿಗೆ ಮರಳಿದಾಗ ಉಪಾಧ್ಯಾಯರ ಮುಂದೆ ಇಡಬೇಕಾದುದು ಈ ಎರಡನೆಯ ಪುಟವನ್ನು. ಉಪಾಧ್ಯಾಯರು ಇದರಿಂದ ಸ್ವಲ್ಪ ಕಸಿವಿಸಿಗೊಂಡಾರು, ಗೊಳ್ಳಲಿ. ಮೊದಲನೆಯ ತರುಣನು ತನ್ನ ವರದಿಯಲ್ಲಿ, ತೂತುಗಳಿಗೆ ಮಳೆಯೊಂದೇ ಕಾರಣವೆಂದು ತಾನು ಸಿದ್ಧಪಡಿಸಲಾರೆನೆಂದೂ ಆರು ವಾರದ ಲೆಕ್ಕ ಅದಕ್ಕೆ ಸಾಲದೆಂದೂ ಬರೆದಿದ್ದನು. ಆ ವಾಕ್ಯವನ್ನು ತೆಗೆದುಹಾಕಿದರೆ ವರದಿ ಚೆನ್ನಾಗಿರುತ್ತದೆಂದು ಅವನ ಸ್ನೇಹಿತರು ಹೇಳಿದರಂತೆ. ಅವನು ತೆಗೆಯಲಿಲ್ಲವೆಂದು ಕೇಳಿ ನನಗೆ ಸಂತೋಷವಾಯಿತು.

ಇಷ್ಟನ್ನು ಹೇಳಿ, ಕೆಲಸದ ಮನೆಯವರ ಧರ್ಮದ ವಿಷಯದಲ್ಲಿ ಮೌನವಾಗಿದ್ದರೆ ಅದು ಏಕಪಕ್ಷೀಯವಾದೀತು. 1961ರ ಅಪ್ರೆಂಟಿಸ್ ಕಾಯಿದೆಯು ತನ್ನ ಅಡಿಯಲ್ಲಿ ಬರುವ ಅಭ್ಯಾಸಿಯನ್ನು ಕೆಲಸಗಾರನೆಂದು ಕರೆಯುವುದಿಲ್ಲ, ಕಲಿಯುವವನೆಂದು ಕರೆಯುತ್ತದೆ. ಶ್ರದ್ಧೆಯಿಂದ ಕಲಿಯುವುದು ಅವನ ಕರ್ತವ್ಯವಾದರೆ, ಕಲಿಸಲು ಏರ್ಪಾಟು ಮಾಡುವುದು ಮಾಲೀಕನ ಕರ್ತವ್ಯವೆಂದು ಅದೇ ಕಾಯಿದೆ ವಿಧಿಸುತ್ತದೆ. ಕಾರ್ಖಾನೆಯಲ್ಲಿ ಕೆಲಸಗಾರರಿಗಿರುವ ಆರೋಗ್ಯ ಮತ್ತು ಸುರಕ್ಷತೆಯ ರಕ್ಷಣೆಯನ್ನೂ ಅವನಿಗೆ ಕೊಡುತ್ತದೆ. ಕಾಲೇಜಿನ ಇಂಟರ್ನ್‌ಶಿಪ್ಪುಗಳೆಲ್ಲ ಈ ಕಾಯಿದೆಯೊಳಗೆ ಬರುತ್ತವೆಂದಲ್ಲ. ಆದರೆ ಅದರೊಳಗಿನ ನ್ಯಾಯ ಎಲ್ಲಕ್ಕೂ ಸಲ್ಲುವಂಥದು. ಆರು ವಾರವೂ ಚಹಾ ತರಿಸಿ, ಕಾಗದದ ಕಟ್ಟು ಹೊರಿಸಿ, ಕೊನೆಗೆ ಕಲಿಸಿದೆವೆಂದು ಬರೆದುಕೊಡುವವನೂ ಸುಳ್ಳು ಪ್ರಮಾಣವನ್ನೇ ಕೊಡುತ್ತಾನೆ. ಸಂಬಳದ ಆಳನ್ನು ಇಡುವ ಬದಲು ಬಿಟ್ಟಿ ವಿದ್ಯಾರ್ಥಿಗಳನ್ನು ಸರದಿಯ ಮೇಲೆ ದುಡಿಸಿಕೊಳ್ಳುವವನು ಇಬ್ಬರ ಅನ್ನವನ್ನು ಕಸಿಯುತ್ತಾನೆ. ಮೊದಲ ಕೆಲವು ದಿನ ಸಣ್ಣ ಕೆಲಸ ಹೇಳಿದರೆ ಮಾಡಬೇಕು; ರಜಿಸ್ಟರಿನ ಕಥೆ ಅದನ್ನು ತೋರಿಸುತ್ತದೆ. ಆದರೆ ಎರಡು ವಾರ ಕಳೆದರೂ ಕಲಿಯಲು ಏನೂ ಸಿಕ್ಕದಿದ್ದರೆ ವಿನಯದಿಂದ ಅಲ್ಲಿಯ ಹಿರಿಯರಿಗೆ ತಿಳಿಸಬೇಕು, ಕೇಳದಿದ್ದರೆ ಕಾಲೇಜಿಗೆ ತಿಳಿಸಬೇಕು. ಅದು ಅಹಂಕಾರವಲ್ಲ. ಇನ್ನು ಕಲಿಯುವವನಿಂದಲೇ ಹಣ ಕಟ್ಟಿಸಿಕೊಳ್ಳುವ ರೂಢಿ ಇದೆಯಲ್ಲ, ಅದು ಶ್ನೈಡರ್ ಮಾಡಿದುದಕ್ಕೆ ತಿರುಗು ಮುರುಗು. ಅಲ್ಲಿ ಬಡ ಹುಡುಗನು ದುಡಿದ ಕೂಲಿಯಿಂದ ಓದಿದನು. ಇಲ್ಲಿ ಬಡ ಹುಡುಗನ ತಂದೆ ಸಾಲ ಮಾಡಿ ಮಗನಿಗೆ ಕೆಲಸ ಮಾಡದಿರುವ ಕಾಗದವನ್ನು ಕೊಂಡುಕೊಡುತ್ತಾನೆ.

ಆಯ್ದಕ್ಕಿ ಮಾರಯ್ಯನ ವೃತ್ತಾಂತ ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಸತಿ ಲಕ್ಕಮ್ಮ ಅದನ್ನು ಬೇಯಿಸಲು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಇದನ್ನು ನಾವು ದುರಾಶೆಯ ಮೇಲಿನ ಪಾಠವೆಂದು ಹೇಳಿಕೊಡುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಅಲ್ಲಿಯೂ ಯಾರಿಗೂ ಅನ್ಯಾಯವಾಗಿರಲಿಲ್ಲ. ಚೆಲ್ಲಿದ ಅಕ್ಕಿ ಯಾರದೂ ಅಲ್ಲ, ತಂದವನು ಕದ್ದಿರಲಿಲ್ಲ, ಮಹಾಮನೆಗೆ ಕೊರತೆಯೂ ಇರಲಿಲ್ಲ. ನಮ್ಮ ತರುಣನ ಪ್ರಶ್ನೆಯನ್ನು ಮಾರಯ್ಯನೂ ಕೇಳಬಹುದಾಗಿತ್ತು. ಆದರೂ ಲಕ್ಕಮ್ಮನಿಗೆ ಆ ಅಕ್ಕಿಯ ಮತ್ತು ತನ್ನ ಪತಿಯ ಕೈಯ ನಡುವಿನ ಲೆಕ್ಕ ತಪ್ಪಿದೆಯೆಂದು ಕಂಡಿತು. ಕಾಯಕದಲ್ಲಿ ಕೇಳಬೇಕಾದುದು ಯಾರಿಗೆ ನಷ್ಟ ಎಂಬುದನ್ನಷ್ಟೇ ಅಲ್ಲ, ಇದು ನನ್ನ ಕೈಗೆ ಬಂದ ದಾರಿ ಯಾವುದು ಎಂಬುದನ್ನೂ.

ಆದರೆ ಆ ದಿನ ನಾನು ಎರಡನೆಯ ತರುಣನಿಗೆ ಲಕ್ಕಮ್ಮನ ಕಥೆಯನ್ನು ಹೇಳಲಿಲ್ಲ. ಅವನು ಅದನ್ನು ನನ್ನಿಂದಲೇ ಎಂಟನೆಯ ತರಗತಿಯಲ್ಲಿ ಕೇಳಿದ್ದವನು. ಯಾರಿಗೆ ಅನ್ಯಾಯವಾಯಿತೆಂಬುದಕ್ಕೆ ನಾನು ಹೇಳಬಹುದಾಗಿದ್ದ ಉತ್ತರ ಬೇರೊಂದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಇಲ್ಲಿ ಬರೆಯುತ್ತಿರುವುದೂ ಇದೇ ಮೊದಲು.

1993ರಲ್ಲಿ ನಾನು ಶಿಕ್ಷಕರ ತರಬೇತಿಯಲ್ಲಿದ್ದಾಗ ಒಂದು ಶಾಲೆಗೆ ಅಭ್ಯಾಸಪಾಠಗಳಿಗಾಗಿ ನನ್ನನ್ನು ಕಳುಹಿಸಿದರು. ಅದೂ ಇದೇ ಬಗೆಯ ವ್ಯವಸ್ಥೆಯೇ: ಇನ್ನೂ ಉಪಾಧ್ಯಾಯನಲ್ಲದವನು ಉಪಾಧ್ಯಾಯರ ಎದುರಿನಲ್ಲಿ ಪಾಠ ಮಾಡಿ ಕಲಿಯುವುದು. ಕನ್ನಡದಲ್ಲಿ ಇಪ್ಪತ್ತು ಪಾಠ ಮಾಡಬೇಕಾಗಿತ್ತು. ಮಳೆಯಿಂದ ರಜೆ, ಕ್ರೀಡೋತ್ಸವ, ನನ್ನ ಆಲಸ್ಯ, ಎಲ್ಲ ಸೇರಿ ಹನ್ನೊಂದು ಪಾಠವಾಯಿತು. ನನ್ನನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಉಪಾಧ್ಯಾಯರು ಕರುಣಾಳುಗಳು. “ಇರಲಿ ತಮ್ಮಾ, ಉಳಿದದ್ದನ್ನ ಬರೆದು ತಾ, ಸಹಿ ಮಾಡ್ತೀನಿ” ಎಂದರು. ಒಂದೇ ರಾತ್ರಿ ಒಂಬತ್ತು ಪಾಠಗಳನ್ನು ಬರೆದೆನು. ಉದ್ದೇಶ, ಪೂರ್ವಜ್ಞಾನ, ವಿಷಯ ನಿರೂಪಣೆ, ಮೌಲ್ಯಮಾಪನ, ಯಾವ ಅಂಕಣವನ್ನೂ ಖಾಲಿ ಬಿಡಲಿಲ್ಲ. ವಿದ್ಯಾರ್ಥಿಗಳು ಕೊಟ್ಟ ಉತ್ತರಗಳನ್ನು ಸಹ ನಾನೇ ಬರೆದೆನು. ಆಗಲೂ ಯಾರಿಗೂ ಅನ್ಯಾಯವಾಗಲಿಲ್ಲ.

ಮರುವರ್ಷ ನೌಕರಿಗೆ ಸೇರಿದೆನು. ಒಂದು ದಿನ ಸಂಧಿ ಪ್ರಕರಣವನ್ನು ಹೇಳುತ್ತಿದ್ದೆನು. ಕೊನೆಯ ಸಾಲಿನ ಒಬ್ಬ ಹುಡುಗನು ಎದ್ದು ನಿಂತು, ಮಳೆ ಕೂಡ ಕಾಲ ಎಂದರೆ ಮಳೆಗಾಲವಾಗುತ್ತದೆ, ಕಕಾರಕ್ಕೆ ಗಕಾರ ಬರುತ್ತದೆ, ಆದರೆ ಕೈ ಕೂಡ ಕಾಲು ಎಂದರೆ ಕೈಕಾಲು ಎಂದೇ ಇರುತ್ತದಲ್ಲ, ಅದೇಕೆ ಎಂದು ಕೇಳಿದನು. ದ್ವಂದ್ವ ಸಮಾಸದಲ್ಲಿ ಆ ಆದೇಶ ಬರುವುದಿಲ್ಲವೆಂದು ನನಗೆ ಇಂದು ಗೊತ್ತು; ಅಂದೂ ಪುಸ್ತಕದಲ್ಲಿ ಓದಿದ್ದೆನು. ಆದರೆ ನಿಂತಲ್ಲಿ ಹೊಳೆಯಲಿಲ್ಲ. ಎಂದೂ ಎದುರಿಸಿ ಅಭ್ಯಾಸವಿಲ್ಲದ ಪ್ರಶ್ನೆ. ನಲವತ್ತು ಕಣ್ಣುಗಳು ನನ್ನ ಮೇಲೆ. ನೋಡಿ ಹೇಳುತ್ತೇನೆ, ಈಗ ತಿಳಿಯದು ಎನ್ನುವ ಮಾತು ನಾಲಗೆಯ ಮೇಲೆ ಬರಲಿಲ್ಲ. ಅದನ್ನು ಆಡಿ ಅಭ್ಯಾಸ ಮಾಡಿಕೊಳ್ಳಲು ನನಗೆ ಒಂಬತ್ತು ಅವಕಾಶಗಳಿದ್ದವು. ಅವನ್ನು ಒಂದು ರಾತ್ರಿಯಲ್ಲಿ ಬರೆದು ಮುಗಿಸಿದ್ದೆನು. “ಅಧಿಕಪ್ರಸಂಗ ಮಾಡಬೇಡ, ಕುಳಿತುಕೋ” ಎಂದು ಗದರಿಸಿದೆನು. ಅವನು ಕುಳಿತುಕೊಂಡನು. ಆ ವರ್ಷವೆಲ್ಲ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ.

“ಯಾರಿಗೆ ಅನ್ಯಾಯ ಆತು ಅಂದಿಯಲ್ಲ, ಆ ಹುಡುಗನಿಗೆ ಆತು” ಎಂದು ನಾನು ತರುಣನಿಗೆ ಹೇಳಿದೆನು. “ಕಾಗದಕ್ಕೆ ಸಹಿ ಆದಾಗ ಅವ ಅಲ್ಲಿ ಇರಲಿಲ್ಲ. ನನಗ ಅವ ಗೊತ್ತೇ ಇರಲಿಲ್ಲ. ನಿನ್ನ ಹುಡುಗನೂ ಎಲ್ಲೋ ಇದ್ದಾನು. ನಾಳೆ ನೀನು ತಂತಿಯೊಳಗೆ ಕರೆಂಟ್ ಇಲ್ಲ ಅಂತ ಹೇಳ್ತಿ, ನಿನ್ನ ಮಾತು ನಂಬಿ ಒಬ್ಬ ಲೈನ್‌ಮನ್ ಕಂಬ ಹತ್ತತಾನ.”

ಅವನು ಬಹಳ ಹೊತ್ತು ಮಾತನಾಡಲಿಲ್ಲ. ಮೊದಲನೆಯವನು ಬಸ್ಸಿನ ಹೊತ್ತಾಯಿತೆಂದು ಎದ್ದು ಬಾಗಿಲಲ್ಲಿ ನಿಂತಿದ್ದನು. ಆಗ ಇವನು, “ಆ ಪುಸ್ತಕ ಇನ್ನೂ ಐತೇನ್ರಿ ಗುರುಗಳೇ?” ಎಂದು ಕೇಳಿದನು. ಇತ್ತು. ಕಪಾಟಿನ ಕೆಳಗಿನ ಅಂತಸ್ತಿನಿಂದ ತೆಗೆದು ಕೊಟ್ಟೆನು. ಪುಟ ತಿರುವುತ್ತ ಹೋಗಿ, ಮಧ್ಯದಲ್ಲಿ ಒಂದು ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಓದಿದನು.

“ಇದು ಎಲ್ಲಾದಕ್ಕಿಂತ ಚಲೋ ಐತ್ರಿ” ಎಂದನು.

ಅದು ಹದಿನಾಲ್ಕನೆಯ ಪಾಠ. ಅಕ್ಷರ ದುಂಡಾಗಿತ್ತು, ಒಂದು ಕಡೆಯೂ ಹೊಡೆದುಹಾಕಿದ ಗೆರೆಯಿರಲಿಲ್ಲ. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಸರಿಯಾದ ಉತ್ತರ ಬಂದಿತ್ತು. ಯಾವ ಹುಡುಗನೂ ಎದ್ದು ನಿಂತು ಏನನ್ನೂ ಕೇಳಿರಲಿಲ್ಲ.